ವೀರಭದ್ರಯ್ಯನವರ ಬಿಪಿ ಮೆಷೀನು

ಮಧುಶ್ರೀ ವಾಷಿಂಗ್ ಮೆಷೀನಿನಿಂದ ಒದ್ದೆ ಬಟ್ಟೆ ಎಳೆಯುತ್ತಿದ್ದಾಗ ಪಕ್ಕದ ಮನೆಯ ವೀರಭದ್ರಯ್ಯ ಕಾಂಪೌಂಡಿನಾಚೆಯಿಂದ ಮೆತ್ತಗೆ ಕರೆದರು. ಗುಬ್ಬಿಯಲ್ಲಿ ಗಂಡ ಬಸವಪ್ರಭುವಿನ ಹನ್ನೊಂದನೇ ದಿನದ ಕಾರ್ಯ ಮುಗಿಸಿ ಅವಳು ಶೆಟ್ಟಿಹಳ್ಳಿಯ ಮನೆಗೆ ಮರಳಿದ್ದು ನಿನ್ನೆ ಸಂಜೆ.

“ತಪ್ಪು ತಿಳ್ಕೋಬೇಡಮ್ಮ. ಪ್ರಭು ನನ್ ಹತ್ರ ಬಿಪಿ ಮೆಷೀನ್ ಈಸ್ಕೊಂಡಿದ್ರು. ವಾಕಿಂಗ್ ಬ್ಯಾಗಲ್ಲಿರ್ಬೇಕು.”

“ಅವ್ರಿಗ್ಯಾಕೆ ಅಂಕಲ್ ಬಿಪಿ ಮೆಷೀನು?”

ವೀರಭದ್ರಯ್ಯ ಕಾಂಪೌಂಡಿನ ಮೇಲಿನ ಒಣಪಾಚಿ ಕೆರೆಯತೊಡಗಿದರು. “ಮಾರ್ಚಿಂದ ಇಬ್ರೂ ಪಾರ್ಕಲ್ಲೇ ನೋಡ್ಕೋತಿದ್ವಿ. ನೋಡ್ಕೊಂಡಿದ್ದೆಲ್ಲ ಅದ್ರಲ್ಲೇ ಉಳಿಯುತ್ತೆ, ಒಂದನೇ ಬಟನ್ ಒತ್ತಿದ್ರೆ ನಂದು, ಎರಡನೇದು ಅವ್ರದು. ಡಾಕ್ಟ್ರು ಅಡ್ಮಿಟ್ ಆಗಿ ಅಂದಿದ್ರಂತೆ. ಆಫೀಸಲ್ಲಿ ಅದೇನೋ ಟೆಸ್ಟ್ ಮುಗೀಲಿ ಅಂತ ಮುಂದಕ್ ಹಾಕ್ತಾ ಬಂದ್ರು. ನಿಂಗೆ ಹೇಳ್ಬೇಡಿ ಅಂತ ಆಣೆ ಬೇರೆ.”

ಅವಳ ಕೈಯಲ್ಲಿದ್ದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಗೇಟ್ ಹತ್ರಾನೇ ಕೊಡಮ್ಮ, ಮನೇಗ್ ತರ್ಬೇಡ. ನಮ್ಮನೆಯವಳಿಗೆ ನಂದೂ ಗೊತ್ತಿಲ್ಲ. ಸುಮ್ನೆ ಗಾಬ್ರಿ ಬೀಳ್ತಾಳೆ.”

*

ಮಣ್ಣು ಮಾಡಿದ ದಿನ ಗುಬ್ಬಿಯ ತೋಟದಲ್ಲಿ ಬಸವಪ್ರಭುವಿಗೆ ವಿಭೂತಿ ಹಚ್ಚಿ ಕೂರಿಸಿದ್ದರು.

“ಮೂವತ್ತಾರಕ್ಕೆ ಸ್ಟ್ರೋಕ್ ಅಂದ್ರೆ! ಒಂದ್ ಮಾತ್ರೆ ನುಂಗಿದ್ ಆಳಲ್ಲ,” ಎಂದ ದಾಯಾದಿ ಚನ್ನೇಶ್. “ರಾಕೆಟ್ ಮಾಡ್ತಿದ್ನಲ್ವಾ?”

“ರಾಕೆಟ್ಟಲ್ಲ ಕಣ್ಲಾ, ಅದಕ್ಕೆ ತಲೆ ಮಾಡ್ತಿದ್ದ,” ಎಂದರು ಯಾರೋ.

ಅತ್ತೆ ಕರಿಬಸಮ್ಮ ಸೊಸೆಯತ್ತ ತಿರುಗಿದರು. “ಪಕ್ದಲ್ಲೇ ಮಲಗ್ತಿದ್ದೆಯಲ್ಲೇ ತಾಯಿ. ಎಂಎಸ್ಸಿ ಓದಿದೀಯ. ಒಂಚೂರೂ ಗೊತ್ತಾಗ್ಲಿಲ್ವಾ ನಿಂಗೆ?”

ಎಲ್ಲರೂ ಅವಳನ್ನೇ ನೋಡಿದರು. ಹತ್ತು ಹೆಜ್ಜೆ ದೂರದಲ್ಲಿ ವೀರಭದ್ರಯ್ಯ ಮಾತ್ರ ನೆಲ ನೋಡುತ್ತಿದ್ದರು.

*

ಯಾರನ್ನೂ ಕೇಳದೆ ತೀರ್ಮಾನ ತೆಗೆದುಕೊಳ್ಳುವುದನ್ನು ಬಾಹ್ಯಾಕಾಶ ನೌಕೆಗೆ ಕಲಿಸುವುದು ಬಸವಪ್ರಭುವಿನ ಸಂಶೋಧನೆ. ಒಮ್ಮೆ ಚಿತ್ರಾನ್ನ ತಿನ್ನುತ್ತ ವಿವರಿಸಿದ್ದ: “ಅಷ್ಟು ದೂರದಲ್ಲಿ ಏನಾದ್ರೂ ಕೆಟ್ರೆ ಭೂಮೀನ ಕೇಳ್ತಾ ಕೂರೋಕಾಗಲ್ಲ ಕಣೇ. ಉತ್ತರ ಬರೋಕೇ ಮುಕ್ಕಾಲು ಗಂಟೆ. ತಾನೇ ಸರಿ ಮಾಡ್ಕೊಂಡು ಆಮೇಲೆ ಹೇಳುತ್ತೆ.”

“ಸರಿಯಾಗ್ದೇ ಹೋದ್ರೆ?”

“ಎಲ್ಲಾ ಬರ್ದಿಟ್ಟಿರುತ್ತಲ್ಲ, ಓದ್ಕೊಂಡ್ರೆ ಆಯ್ತು,” ಎಂದು ನಕ್ಕಿದ್ದ.

*

ಬ್ಯಾಗಿನಲ್ಲಿ ಟವೆಲ್ಲಿನ ಕೆಳಗೆ ಮೆಷೀನು ಇತ್ತು. ಎರಡನೇ ಬಟನ್ ಒತ್ತಿದಳು. ಕೊನೆಯ ಅಂಕಿ ಅವನು ಸತ್ತ ದಿನದ್ದು. ಬೆಳಿಗ್ಗೆ ಐದು ಐವತ್ತು, ಇನ್ನೂರ ಹನ್ನೆರಡು. ಅದನ್ನು ನೋಡಿಕೊಂಡೇ ಮನೆಗೆ ಬಂದಿದ್ದ. ಚಟ್ನಿಗೆ ಉಪ್ಪು ಸಾಲದು ಎಂದು ಮೇಲೆ ಉದುರಿಸಿಕೊಂಡು ತಿಂದಿದ್ದ. ಒಂಬತ್ತಕ್ಕೆ ಶೂ ಕಟ್ಟುತ್ತ ಕುಸಿದಿದ್ದ.

ಅವಳು ಒತ್ತುತ್ತಲೇ ಹೋದಳು. ಹಿಂದಿನ ದಿನ, ಅದರ ಹಿಂದಿನ ದಿನ. ಅವಳ ಹುಟ್ಟುಹಬ್ಬವೂ ಬಂತು, ನೂರ ತೊಂಬತ್ತು.

ಗೇಟಿನಲ್ಲಿ ವೀರಭದ್ರಯ್ಯ ಕೈ ಚಾಚಿದರು. ಮಧುಶ್ರೀ ಅವರನ್ನು ದಾಟಿ, ಮೆಟ್ಟಿಲು ಹತ್ತಿ, ಅವರ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅವರ ಹೆಂಡತಿ ಬಸವಲಿಂಗಮ್ಮ ರೊಟ್ಟಿ ತಟ್ಟುತ್ತಿದ್ದರು.

“ಬಾ ಮಗ್ಳೇ. ಏನದು?”

“ಅಂಕಲ್ದು, ಆಂಟಿ. ನಮ್ಮನೆಯವ್ರು ಈಸ್ಕೊಂಡಿದ್ರು. ಒಂದನೇ ಬಟನ್ ಒತ್ತಿ ನೋಡಿ.”

“ಲೇ, ಅದು ಹಾಳಾಗೈತೆ ಬುಡೇ,” ಎನ್ನುತ್ತ ವೀರಭದ್ರಯ್ಯ ಒಂದು ಕಾಲಿನ ಚಪ್ಪಲಿಯಲ್ಲೇ ಒಳಗೆ ಬಂದರು.

ಬಸವಲಿಂಗಮ್ಮ ತಲೆ ಎತ್ತಲಿಲ್ಲ. ಕಾವಲಿಯ ಮೇಲೆ ರೊಟ್ಟಿ ಸೀಯುತ್ತಿತ್ತು. ಅವರ ಹಿಟ್ಟಿನ ಬೆರಳು ಆ ಬಟನ್ನನ್ನು ಮತ್ತೆ ಮತ್ತೆ ಒತ್ತುತ್ತಿತ್ತು.