ದ್ರಾಕ್ಷಾಯಣಮ್ಮನ ಬಾಯಿ, ಗಂಗಕ್ಕನ ಮಾತು

ಟಕ್—ಅಲ್ಲ, ಇದು ಫೈಲಿನೊಳಗಿನ ಸದ್ದಲ್ಲ, ಹೆಡ್‌ಫೋನ್ ತೆಗೆದರೂ ಕೇಳುತ್ತಿದೆ, ಕೆಳಗೆ ಕೊಬ್ಬರಿ ಮಂಡಿಯಲ್ಲಿ ಚಿಪ್ಪು ಒಡೆದು ಉಂಡೆ ತೆಗೆಯುತ್ತಿದ್ದಾರೆ, ಟಕ್, ಟಕ್, ಆಮೇಲೆ ನಗು, ಐದಾರು ಹೆಂಗಸರು ಒಟ್ಟಿಗೆ ನಗುವ ಸದ್ದು, ನಾಲ್ಕೂ ಗೋಡೆಗೆ ತೆಂಗಿನ ನಾರಿನ ಹಾಸು ಹೊಡೆಸಿದ್ದೇನೆ, ಬಾಗಿಲಿಗೆ ಎರಡು ಪದರ, ಆದರೂ ನೆಲದಿಂದ ಎದ್ದು ಬರುವ ನಗುವಿಗೆ ಏನು ಮಾಡುವುದು—ಗಂಟೆ ಹತ್ತೂ ಮುಕ್ಕಾಲು, ಹನ್ನೊಂದಕ್ಕೆ ಸೂರ್ಯಪ್ರಕಾಶ್ ಸರ್ ಸಿನಿಮಾ ನೋಡಲು ಬರುತ್ತಾರೆ, ಇಪ್ಪತ್ತೆರಡು ನಿಮಿಷದ ಕಿರುಚಿತ್ರ, ಕಥೆ ಅವರದು, ಸಂಭಾಷಣೆ ಅವರದು, ಖರ್ಚು ಅವರದು, ಐವತ್ತಾರನೇ ವಯಸ್ಸಿನಲ್ಲಿ ತಲೆಗೆ ಬಣ್ಣ ಹಚ್ಚಿಕೊಂಡು ಮೂವತ್ತರ ಮಗನಾಗಿ ನಟಿಸಿದವರೂ ಅವರೇ, ಕೆಳಗಿನ ಮಂಡಿ ಅವರದು, ಹಿಂದೆ ಕಾಯಿ ಒಣಗಲು ಬಿಡುತ್ತಿದ್ದ ಈ ಅಟ್ಟವೂ ಅವರದೇ, ಅದನ್ನೇ ನಾನು ಬಾಡಿಗೆಗೆ ಹಿಡಿದು ರೆಕಾರ್ಡಿಂಗ್ ಸ್ಟುಡಿಯೊ ಮಾಡಿಕೊಂಡಿರುವುದು, ಇಷ್ಟೆಲ್ಲ ಅವರದಾಗಿರುವ ಸಿನಿಮಾದಲ್ಲಿ ತಾಯಿಯ ದನಿಯೊಂದನ್ನು ಮಾತ್ರ ಅವರಿಗೆ ಹೇಳದೆ ಕೇಳದೆ ಬದಲಾಯಿಸಿ ಕೂತಿದ್ದೇನೆ, ದನಿಯನ್ನಷ್ಟೇ ಅಲ್ಲ, ಮಾತನ್ನೂ. ನಯನಕ್ಕಾ ಇವತ್ತು ನನಗೆ ಜ್ವರ ಬಂದಂಗೈತೆ, ನಾನು ಬರದೇ ಇದ್ರೆ ಆಗಲ್ವಾ ಅಂತ ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿದ ನಿರ್ದೇಶಕ ಜ್ಞಾನೇಶ, ಹೆದರುಪುಕ್ಕಲ, ಈಗ ಹಿಂದಿನ ಸೋಫಾದಲ್ಲಿ ಕೂತು ಉಗುರು ಕಚ್ಚುತ್ತಿದ್ದಾನೆ, ಅದರ ಸದ್ದೂ ಕೇಳುತ್ತಿದೆ ನನಗೆ, ಈ ಕಿವಿ ಯಾಕಾದರೂ ಹೀಗಿದೆಯೋ.

ತಿಪಟೂರಿನಲ್ಲಿ ಸ್ಟುಡಿಯೊ ಇಟ್ಟು ಏನಮ್ಮ ರೆಕಾರ್ಡ್ ಮಾಡ್ತೀಯ, ಕಾಯಿ ಬೀಳೋ ಸದ್ದಾ ಅಂತ ಕೇಳಿದವರಿಗೆಲ್ಲ ಈ ನಾಲ್ಕು ತಿಂಗಳ ಕೆಲಸವನ್ನು ಕೂರಿಸಿ ಕೇಳಿಸಬೇಕು. ಕಿಬ್ಬನಹಳ್ಳಿಯ ಬಟ್ಟೆ ಅಂಗಡಿಯವರ ಆಟೊ ಪ್ರಚಾರ, ಭಾರೀ ರಿಯಾಯಿತಿ ಎಂದು ಹದಿನಾಲ್ಕು ಸಲ ಹೇಳಿಸಿದೆ, ಪ್ರತಿ ಸಲವೂ ಆ ಮನುಷ್ಯನಿಗೆ ರಿಯಾಯಿತಿಯ ಹತ್ತಿರ ಬಂದ ಕೂಡಲೇ ಕೆಮ್ಮು, ಆಮೇಲೆ ಅರಳಗುಪ್ಪೆಯ ಭಜನೆಯವರು, ಹನ್ನೆರಡು ಜನ, ಹನ್ನೆರಡು ಜನಕ್ಕೂ ಮೈಕಿನ ಎದುರೇ ಬೇಕು, ಗೆರೆ ಎಳೆದು ನಿಲ್ಲಿಸಿದರೆ ಪಲ್ಲವಿ ಮುಗಿಯುವಷ್ಟರಲ್ಲಿ ಎಲ್ಲರೂ ಎರಡಡಿ ಮುಂದೆ ಬಂದಿರುತ್ತಿದ್ದರು, ಮಾಯಸಂದ್ರದ ಶಾಲೆಯ ಹಾಡಿನಲ್ಲಿ ನಲವತ್ತು ಮಕ್ಕಳ ನಡುವೆ ಒಬ್ಬ ಸೀನಿದ, ಎಂಥ ಸೀನು, ಸರಿಯಾಗಿ ತಾಳದ ಮೇಲೆ ಬಿದ್ದಿತ್ತು, ತೆಗೆಯಲು ಮನಸ್ಸಾಗದೆ ಹಾಗೇ ಬಿಟ್ಟೆ, ಈಗ ಆ ಶಾಲೆಯಲ್ಲಿ ದಿನವೂ ಪ್ರಾರ್ಥನೆಯ ಹೊತ್ತಿಗೆ ಅದೇ ಜಾಗಕ್ಕೆ ಎಲ್ಲ ಮಕ್ಕಳೂ ಬೇಕೆಂದೇ ಸೀನುತ್ತಾರಂತೆ, ಹೆಡ್‌ಮೇಡಂ ಫೋನ್ ಮಾಡಿ ಬೈದರು, ಬೈಯುತ್ತ ಬೈಯುತ್ತ ಅವರೇ ನಕ್ಕರು. ಬೆಂಗಳೂರಿನ ದೊಡ್ಡ ಸ್ಟುಡಿಯೊದಲ್ಲಿ ಆರು ವರ್ಷ ಬೇರೆಯವರ ಕೇಬಲ್ ಸುತ್ತಿದ್ದೆ, ಒಂದು ಸೀನನ್ನು ಉಳಿಸುವ ಅಧಿಕಾರ ಇತ್ತೇ ನನಗೆ ಅಲ್ಲಿ—ಆದರೂ ಸಿನಿಮಾ ಅಂತ ಬಂದಿದ್ದು ಇದೇ ಮೊದಲು, ಸೋಮವಾರದೊಳಗೆ ಚಿತ್ರೋತ್ಸವಕ್ಕೆ ಹೋಗಬೇಕು, ಆಯ್ಕೆಯಾದರೆ ಶಬ್ದ ಅಂತ ನನ್ನ ಹೆಸರು ಪರದೆಯ ಮೇಲೆ, ಸೂರ್ಯಪ್ರಕಾಶ್ ಸರ್ ಸಿಟ್ಟಾದರೆ ಸಿನಿಮಾನೂ ಇಲ್ಲ ಅಟ್ಟವೂ ಇಲ್ಲ, ಆ ದನಿ ಕೊಟ್ಟ ಗಂಗಕ್ಕನ ಮಂಡಿ ಕೆಲಸ—ಅದನ್ನು ಯೋಚಿಸಬಾರದು ಅಂದುಕೊಂಡಷ್ಟೂ ಅದೇ.

ತಪ್ಪು ಯಾರದು ಅಂತ ಹುಡುಕಿದರೆ ದ್ರಾಕ್ಷಾಯಣಮ್ಮನವರ ಹಲ್ಲಿನದು. ತುರುವೇಕೆರೆಯ ಹಳೆಯ ನಾಟಕದ ಕಲಾವಿದೆ, ಕ್ಯಾಮೆರಾ ಮುಂದೆ ತಾಯಿಯಾಗಿ ಅಷ್ಟು ಚೆನ್ನಾಗಿ ಮಾಡಿದರು, ಮುಖ ನೋಡಿದರೆ ಸಾಕು, ಆದರೆ ಶೂಟಿಂಗ್‌ನಲ್ಲಿ ಸಿಕ್ಕ ಸದ್ದೆಲ್ಲ ಬರೀ ಗಾಳಿ, ತೋಟದ ಗರಿಗಳ ಮೊರೆತ, ಡಬ್ಬಿಂಗ್ ಮಾಡಲೇಬೇಕು, ಡಬ್ಬಿಂಗ್‌ಗೆ ಕರೆಯುವಷ್ಟರಲ್ಲಿ ಅವರು ಇದ್ದ ಒಂಬತ್ತು ಹಲ್ಲನ್ನೂ ತೆಗೆಸಿಬಿಟ್ಟಿದ್ದರು, ಹೊಸ ಸೆಟ್ಟಿಗೆ ಎರಡು ತಿಂಗಳು, ಮೈಕಿನ ಮುಂದೆ ನಿಂತು ಮಗನೇ ಅಂದರೆ ಮಗಫೇ ಅಂತ ಕೇಳುತ್ತಿತ್ತು, ಅವರೂ ನಕ್ಕು ನಾವೂ ನಕ್ಕು ಒಂದು ಗಂಟೆ ಕಳೆಯಿತು. ಬೇರೆಯವರ ದನಿ ಹಾಕಿದರೆ ಬೇಜಾರೇನಮ್ಮಾ ಅಂತ ಆಮೇಲೆ ಫೋನಿನಲ್ಲಿ ಕೇಳಿದ್ದಕ್ಕೆ, ಹಲ್ಲೇ ಬ್ಯಾರೇದು ಹಾಕ್ಕೊಳ್ತಾ ಇದೀನಿ, ದನಿ ಬ್ಯಾರೇದಾದ್ರೆ ಏನು, ಹಾಕ್ಕೊ ಕಣಮ್ಮ ಅಂದರು, ಅಷ್ಟು ಸಲೀಸು, ಸಲೀಸಾಗದೇ ಹೋದದ್ದು ದನಿ ಹುಡುಕುವುದು. ಇಬ್ಬರು ಟೀಚರುಗಳು ಬಂದು ಪಾಠ ಓದಿದಂತೆ ಓದಿದರು, ಜ್ಞಾನೇಶನ ಅತ್ತೆ ಬಂದು ಅತ್ತರು, ಸುಮ್ಮನೆ ಅತ್ತರು, ನಿಲ್ಲಿಸಲೇ ಇಲ್ಲ. ಅದೇ ವಾರವೇ ಅಲ್ಲವೇ ನಾನು ಕಾಯಿಯ ಸದ್ದು ಬೇಕೆಂದು ಪುಟ್ಟ ರೆಕಾರ್ಡರ್ ಹಿಡಿದು ಮಂಡಿಗೆ ಇಳಿದದ್ದು, ಸಿನಿಮಾದಲ್ಲಿ ತಾಯಿ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವ ಒಂದು ಶಾಟ್ ಇದೆ, ಒಳಗೆ ಕೊಬ್ಬರಿ ಉಂಡೆ ಒಣಗಿ ಚಿಪ್ಪು ಬಿಟ್ಟಿದ್ದರೆ ಲೊಡಲೊಡ ಅನ್ನಬೇಕು. ಗೋಣಿಚೀಲದ ಮೇಲೆ ಕೂತಿದ್ದ ಗಂಗಕ್ಕ ಒಂದೊಂದೇ ಕಾಯಿ ತೆಗೆದು ಕೊಟ್ಟಳು, ಇದಿನ್ನೂ ಹಸಿ ಕಣವ್ವ, ಬಾಯಿ ಬುಡಾಕಿಲ್ಲ, ಇದು ನೋಡು ಇದು, ಎಂಗ್ ಮಾತಾಡ್ತದೆ ಅಂದಳು, ರೆಕಾರ್ಡರ್ ಓಡುತ್ತಲೇ ಇತ್ತು, ಮೇಲೆ ಬಂದು ಕೇಳಿದರೆ ಕಾಯಿಯ ಸದ್ದು ಸಾಧಾರಣ, ಅದರ ಹಿಂದಿನ ದನಿ—ದಪ್ಪಗೆ, ಸ್ವಲ್ಪ ಒರಟು, ಬೈಗುಳದ ತಳದಲ್ಲೂ ಒಂದು ನಗು ಇಟ್ಟುಕೊಂಡಂತೆ—ಮೂರು ಸಲ ಕೇಳಿದೆ, ನಾಲ್ಕನೇ ಸಲ ಪರದೆಯ ಮೇಲೆ ದ್ರಾಕ್ಷಾಯಣಮ್ಮನವರ ಮುಖ ಓಡಿಸಿಕೊಂಡು ಕೇಳಿದೆ, ಆ ಬಾಯಿಗೆ ಈ ದನಿಯೇ.

ಗಂಗಕ್ಕ ಮೇಲೆ ಬರಲು ಒಪ್ಪಲಿಲ್ಲ ಮೊದಲು. ನಂಗೆ ಓದಾಕ್ ಬರಾಕಿಲ್ಲ, ಸಾವ್ಕಾರ್ರಿಗೆ ಗೊತ್ತಾದ್ರೆ ಕೆಲ್ಸ ಬುಟ್ಟು ನಾಟ್ಕ ಆಡ್ತಾವ್ಳೆ ಅಂತಾರೆ, ಬ್ಯಾಡ ಬುಡವ್ವ ಅಂದಳು, ಊಟದ ಬಿಡುವಿನಲ್ಲಿ ಬಾ ಸಾಕು, ನಾನು ಕಿವಿಯಲ್ಲಿ ಹೇಳಿಕೊಡುತ್ತೇನೆ ಅಂದೆ, ಬುತ್ತಿ ಹಿಡಿದುಕೊಂಡೇ ಬಂದಳು, ಹೆಡ್‌ಫೋನ್ ಇಟ್ಟ ಕೂಡಲೇ ಅಯ್ಯೋ ನೀನು ನನ್ನ ತಲೆ ಒಳಗೇ ಬಂದ್ಬುಟ್ಟೆ ಅಂತ ಕಿರುಚಿದಳು, ಆ ಫೈಲ್ ಇನ್ನೂ ಇಟ್ಟುಕೊಂಡಿದ್ದೇನೆ. ಏಳನೇ ನಿಮಿಷದ ದೃಶ್ಯ, ಮಗ ಮೊದಲ ಸಲ ಕೊಬ್ಬರಿ ಹರಾಜಿಗೆ ಹೊರಟಿದ್ದಾನೆ, ತಾಯಿ ತಟ್ಟೆಗೆ ಮುದ್ದೆ ಇಡುತ್ತ ಹೇಳಬೇಕು, ಮಗನೇ, ನಮ್ಮ ಮನೆತನದ ಗೌರವ ಇನ್ನು ನಿನ್ನ ಕೈಯಲ್ಲಿದೆ. ನಾನು ಕಿವಿಯಲ್ಲಿ ಹೇಳಿದೆ, ಗಂಗಕ್ಕ ಹೇಳಲಿಲ್ಲ, ಗಾಜಿನಾಚೆಯಿಂದ ನನ್ನನ್ನೇ ನೋಡಿದಳು, ಉಣ್ಣೋ ಮಗುನ್ ಮುಂದೆ ಯಾವ ತಾಯಿ ಇಂಗ್ ಮಾತಾಡ್ತಾಳವ್ವ, ಗಂಟ್ಲಾಗೆ ಮುದ್ದೆ ಇಳೀತದಾ ಅಂದಳು. ಹಾಗಾದರೆ ನೀನಾಗಿದ್ದರೆ ಏನನ್ನುತ್ತಿದ್ದೆ ಗಂಗಕ್ಕ ಅಂದೆ, ಪರದೆ ನೋಡಿದಳು, ಸೂರ್ಯಪ್ರಕಾಶ್ ಸರ್ ತಲೆ ತಗ್ಗಿಸಿ ಕೂತಿದ್ದಾರೆ, ಮುಂದೆ ತಟ್ಟೆ, ನೋಡಿ ನೋಡಿ ಹೇಳಿದಳು, ನಿಧಾನಕ್ಕೆ ಉಣ್ಣು ಮಗ, ಮಾರಾಟ ಆಯ್ತೋ ಬುಡ್ತೋ, ಹೊತ್ತಿಗೆ ಸರ್ಯಾಗಿ ಮನೇಗ್ ಬಾ. ಪರದೆಯಲ್ಲಿ ದ್ರಾಕ್ಷಾಯಣಮ್ಮನವರ ಬಾಯಿ ಮುಚ್ಚುವುದಕ್ಕೂ ಇವಳು ಬಾ ಅಂದು ಮುಗಿಸುವುದಕ್ಕೂ ಸರಿಹೋಯಿತು, ಜ್ಞಾನೇಶ ಸೋಫಾದಿಂದ ಎದ್ದು ನಿಂತುಬಿಟ್ಟ, ಅಕ್ಕಾ ಅದು ಸರ್ ಬರೆದ ಡೈಲಾಗು, ಅವರಿಗೆ ಅದು ಬಾಯಿಪಾಠ ಅಕ್ಕಾ ಅಂದ, ಗೊತ್ತು ಕಣೋ ಅಂದೆ, ಗೊತ್ತಿದ್ದೂ ಉಳಿಸಿಕೊಂಡೆ, ಐದು ದಿನ, ಐದು ಊಟದ ಬಿಡುವು, ತಾಯಿಯ ಮಾತೆಲ್ಲ ಮುಗಿಯಿತು, ಒಂದೂ ಬರೆದಂತೆ ಇಲ್ಲ—

ನಗು ನಿಂತಿತು. ಕೆಳಗೆ ಆ ಐದಾರು ಹೆಂಗಸರ ನಗು ಕತ್ತರಿ ಹಾಕಿದಂತೆ ನಿಂತುಹೋಯಿತು, ಸೂರ್ಯಪ್ರಕಾಶ್ ಸರ್ ಮಂಡಿಯೊಳಗೆ ಕಾಲಿಟ್ಟರೆಂದು ಅರ್ಥ, ದಿನವೂ ಹೀಗೇ, ಅವರು ಕೆಟ್ಟವರೇನಲ್ಲ, ಯಾರನ್ನೂ ಒಂದು ಮಾತು ಅಂದವರಲ್ಲ, ಆದರೂ ಬಂದರೆ ಎಲ್ಲರ ತಲೆ ಕೆಳಗೆ, ಟಕ್ ಟಕ್ ಮಾತ್ರ—ಮೆಟ್ಟಿಲು, ಚಪ್ಪಲಿ, ಏದುಸಿರು, ಏನಮ್ಮಾ ನಯನ, ರೆಡೀನಾ ಅನ್ನುತ್ತ ಬಂದರು, ಬಿಳಿ ಪಂಚೆ, ಹಣೆಯ ತುಂಬ ವಿಭೂತಿ, ಜ್ಞಾನೇಶನ ಬೆನ್ನು ತಟ್ಟಿದರು, ಅವನು ಬೆಚ್ಚಿಬಿದ್ದ. ದೀಪ ಆರಿಸಿ ಸಿನಿಮಾ ಓಡಿಸಿದೆ. ತೋಟ, ಗಾಳಿ, ನನ್ನ ಗಾಳಿ, ಮೂರು ದಿನ ಕೂತು ಪದರ ಪದರವಾಗಿ ಕಟ್ಟಿದ ಗಾಳಿ, ಕಾಯಿ ಲೊಡಲೊಡ ಅಂದಿತು, ಅವರು ತಲೆದೂಗಿದರು, ಐದನೇ ನಿಮಿಷ, ಆರು, ನನ್ನ ಬೆರಳು ಸ್ಪೇಸ್‌ಬಾರ್ ಮೇಲೇ ಇದೆ, ಏಳು, ಮುದ್ದೆ, ನಿಧಾನಕ್ಕೆ ಉಣ್ಣು ಮಗ—ನಿಲ್ಲಿಸಮ್ಮ ಅಂದರು. ನಿಲ್ಲಿಸಿದೆ. ಇದು ನಾನು ಬರೆದಿದ್ದಲ್ಲ ಅಂದರು, ಅಲ್ಲ ಸರ್ ಅಂದೆ, ನನ್ನ ದನಿ ನನಗೇ ದಾರದಷ್ಟು ಸಣ್ಣಗೆ ಕೇಳಿತು. ಇನ್ನೊಂದ್ಸಲ ಹಾಕು ಅಂದರು, ಹಾಕಿದೆ, ಇನ್ನೊಂದ್ಸಲ ಅಂದರು, ಮೂರನೇ ಸಲ ಅವರು ಪರದೆ ನೋಡಲಿಲ್ಲ, ಕಣ್ಣು ಮುಚ್ಚಿ ಕೇಳಿದರು, ಟವೆಲಿನ ತುದಿಯಿಂದ ಮೂಗು ಒರೆಸಿಕೊಂಡರು, ಜ್ಞಾನೇಶ ಉಗುರು ಕಚ್ಚುವುದನ್ನು ನಿಲ್ಲಿಸಿದ. ನಮ್ಮವ್ವ ಹಿಂಗೇ ಅಂತಿದ್ದಳು ಕಣಮ್ಮ, ಬರೆಯೋಕೆ ಕೂತಾಗ ಮಾತ್ರ ಅದು ನೆನಪಿಗೇ ಬರಲಿಲ್ಲ, ಏನೇನೋ ಗೌರವ ಗೀರವ ಅಂತ ಬರೆದುಬಿಟ್ಟೆ, ಯಾರಮ್ಮ ಇವರು, ಬೆಂಗಳೂರಿನವರಾ ಅಂದರು. ಕೆಳಗಿನವರು ಸರ್. ಕೆಳಗಿನವರು ಅಂದ್ರೆ? ನಿಮ್ಮ ಮಂಡಿಯವರು, ಗಂಗಕ್ಕ. ಯಾವ ಗಂಗಕ್ಕ? ಹದಿನೆಂಟು ವರ್ಷದಿಂದ ಬಾಗಿಲ ಪಕ್ಕ ಗೋಣಿಚೀಲದ ಮೇಲೆ ಕೂರ್ತಾರಲ್ಲ ಸರ್, ಅವರು. ಸೂರ್ಯಪ್ರಕಾಶ್ ಸರ್ ನನ್ನ ಕಡೆ ತಿರುಗಿ, ಆಯಮ್ಮ ಮಾತೇ ಆಡಲ್ವಲ್ಲಮ್ಮ ಅಂದರು, ನಿಜವಾಗಿಯೂ ಆಶ್ಚರ್ಯಪಟ್ಟು ಅಂದರು, ನನ್ನ ಬಾಯಿಂದ ಹೊರಟೇಹೋಯಿತು, ನಿಮ್ಮ ಮುಂದೆ ಆಡಲ್ಲ ಸರ್.

ಅಯ್ಯೋ ಅಂದೆನಲ್ಲ, ಅಂದೇಬಿಟ್ಟೆನಲ್ಲ, ಅಟ್ಟ ಹೋಯ್ತು, ನಾರಿನ ಹಾಸು ಬಿಚ್ಚಿಸಿಕೊಂಡು ಹೋಗಬೇಕು, ಎಲ್ಲಿಗೆ—ಅವರು ಎದ್ದರು, ಬಾಗಿಲು ತೆಗೆದರು, ಮೆಟ್ಟಿಲ ತುದಿಯಲ್ಲಿ ನಿಂತರು, ಏನೆಂದು ಕರೆಯುವುದು ಅಂತ ಯೋಚಿಸುವವರಂತೆ, ಹದಿನೆಂಟು ವರ್ಷದಲ್ಲಿ ಕರೆದೇ ಇಲ್ಲವಲ್ಲ, ಆಮೇಲೆ ಕೂಗಿದರು, ಗಂಗಕ್ಕಾ, ಒಸಿ ಮ್ಯಾಲಕ್ಕೆ ಬತ್ತೀಯಾ. ಟಕ್ ಟಕ್ ನಿಂತಿತು, ಮೆಟ್ಟಿಲ ಮೇಲೆ ಬರಿಗಾಲು, ಸೆರಗು ಹೊದ್ದು ಬಂದು ಗೋಡೆಗೆ ಅಂಟಿ ನಿಂತಳು, ತಪ್ಪಾಯ್ತು ಸಾವ್ಕಾರ್ರೇ, ಈ ಮಗಾ ಬಲವಂತ ಮಾಡ್ತು, ಊಟದ ವೊತ್ನಲ್ಲೇ ಬಂದಿದ್ದು, ಕೆಲ್ಸ ಬುಡ್ನಿಲ್ಲ ಅಂದಳು. ಕೂತ್ಕೊಳವ್ವ ಅಂದರು ಅವರು, ಅವಳು ನೆಲಕ್ಕೆ ಬಗ್ಗಿದಳು, ಅಲ್ಲಲ್ಲ, ಕುರ್ಚಿ ಮ್ಯಾಲೆ ಕೂತ್ಕೊ ಅನ್ನುತ್ತ ತಾವು ಕೂತಿದ್ದ ಕುರ್ಚಿಯನ್ನೇ ಎಳೆದುಕೊಟ್ಟು ತಾವು ಸೋಫಾದಲ್ಲಿ ಜ್ಞಾನೇಶನ ಪಕ್ಕ ಇಕ್ಕಟ್ಟಿನಲ್ಲಿ ಕೂತರು, ಕುರ್ಚಿಯ ತುದಿಯಲ್ಲಿ ಗಂಗಕ್ಕ, ಚಕ್ರ ಇರುವ ಕುರ್ಚಿ, ಅಯ್ಯೋ ಓಯ್ತದೆ ಇದು ಓಯ್ತದೆ ಅಂದಳು, ಸೂರ್ಯಪ್ರಕಾಶ್ ಸರ್ ಜೋರಾಗಿ ನಕ್ಕರು, ಅವರ ನಗುವನ್ನೂ ನಾನು ಇವತ್ತೇ ಕೇಳಿದ್ದು. ಟೈಟಲ್ಲಿಗೆ ಪೂರ್ತಿ ಹೆಸರು ಹೇಳಕ್ಕ ಅಂದ ಜ್ಞಾನೇಶ, ಜ್ವರ ಬಿಟ್ಟಿತ್ತು ಅವನಿಗೆ, ಗಂಗಕ್ಕ ಅಂತ್ಲೇ ಆಕಪ್ಪ, ಬ್ಯಾರೆ ಎಸ್ರು ಆಕಿದ್ರೆ ಯಾರು ಅಂತ ನಂಗೇ ತಿಳ್ಯಾಕಿಲ್ಲ ಅಂದಳು, ಸೂರ್ಯಪ್ರಕಾಶ್ ಸರ್, ಸಂಭಾಷಣೆ ಅಂತ ಇದೆಯಲ್ಲ, ಅಲ್ಲಿ ನನ್ನ ಹೆಸರಿನ ಮುಂಚೆ ಆಯಮ್ಮಂದು ಹಾಕು ಅಂದರು. ಮೊದಲಿಂದ ಹಾಕು ನಯನ ಅಂದರು, ಹಾಕಿದೆ, ತೋಟ, ಗಾಳಿ, ನಾನು ಪರದೆ ನೋಡುತ್ತಿಲ್ಲ, ಗಂಗಕ್ಕನನ್ನೇ ನೋಡುತ್ತಿದ್ದೇನೆ, ಬಿಡಿ ಬಿಡಿಯಾಗಿ ಐದು ದಿನ ಹೇಳಿದಳೇ ಹೊರತು ಒಟ್ಟಿಗೆ ಕೇಳಿದವಳಲ್ಲ, ದ್ರಾಕ್ಷಾಯಣಮ್ಮನವರ ಮುಖ ಪರದೆಯ ತುಂಬ ಬಂತು, ತುಟಿ ತೆರೆಯಿತು, ಎರಡೂ ಸ್ಪೀಕರಿನಿಂದ ಈ ಕೋಣೆಯ ತುಂಬ ಗಂಗಕ್ಕನ ದನಿ—ಗಂಗಕ್ಕ ಥಟ್ಟನೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು, ಮಾತು ತನ್ನಿಂದಲೇ ಹೊರಬರುತ್ತಿದೆಯೋ ಏನೋ ಅಂತ ಹಿಡಿದು ನೋಡುವವಳಂತೆ, ದನಿ ನಿಲ್ಲಲಿಲ್ಲ, ಮುಂದೆ ಏನು ಮಾಡಬೇಕಿತ್ತು ನಾನು, ಸದ್ದಿನ ಮಟ್ಟ ನೋಡಬೇಕಿತ್ತು, ಹನ್ನೊಂದನೇ ನಿಮಿಷದಲ್ಲಿ ಏನೋ ಒಂದು ತಿದ್ದಬೇಕಿತ್ತು, ಏನದು—ಬಾಯಿಯ ಮೇಲೆ ಎರಡೂ ಕೈ, ಬೆರಳ ಸಂದಿಯಲ್ಲಿ ನಾರಿನ ಎಳೆ, ದನಿ ನಿಲ್ಲುತ್ತಿಲ್ಲ, ಬಾಯಿಯ ಮೇಲೆ ಎರಡೂ ಕೈ, ಮೇಲೆ ಅಗಲವಾಗಿ ತೆರೆದ ಕಣ್ಣು