ಎಳೆದ ಕೂಡಲೇ ಬಿಚ್ಚಬೇಕಾದ ಬೆಲ್ಟು

ನಮ್ಮ ಕೆರೆಯಲ್ಲಿ ಹೋಗುವಾಗ ಎಲ್ಲರೂ ಶೂರರೇ. ತಿರುಗಿ ಬರುವಾಗ ಎದುರುಗಾಳಿ ಎದ್ದರೆ ಯಾರದಾದರೂ ಕೈ ಸೋಲುತ್ತದೆ. ಕಯಾಕ್ ಎಂದರೆ ಒಬ್ಬರೇ ಕೂತು ಹುಟ್ಟು ಹಾಕುವ ಸಪೂರ ದೋಣಿ. ನಿಮ್ಮ ಕೈ ಸೋತರೆ ಪಕ್ಕದವರು ಬಂದು ಹುಟ್ಟು ಹಾಕಿಕೊಡಲು ಆಗುವುದಿಲ್ಲ.

ಹೋದ ತಿಂಗಳು ಸೋತದ್ದು ನನ್ನ ನಾದಿನಿಯ ಭುಜ. ಗುಂಪಿನ ಉಳಿದ ನಾವು ಮೂವರು ಅವಳ ದೋಣಿ ಹಿಡಿದುಕೊಂಡು ಕೂತೆವು. ಗಾಳಿ ನಾಲ್ವರನ್ನೂ ಬಂಡೆಗಳ ಕಡೆಗೆ ಒಯ್ದಿತು. ಯಾರದೋ ಮೋಟಾರು ದೋಣಿ ಬಂದು ಉಳಿಸಿತು. ನಮ್ಮ ಗುಂಪು ಕಟ್ಟಿದ ನರ್ಸಮ್ಮ ಅಂದೇ ಖಂಡಿತವಾಗಿ ಹೇಳಿಬಿಟ್ಟರು: ಸೋತವರ ದೋಣಿ ಎಳೆದು ತರುವ ಬೆಲ್ಟು ಬರುವವರೆಗೆ ನಾದಿನಿ ನೀರಿಗಿಳಿಯಬಾರದು.

ಅವಳು ವಾರವೆಲ್ಲ ನಿಂತುಕೊಂಡು ಇಸ್ತ್ರಿ ಹಾಕುವವಳು. ಗಂಡ ತೀರಿಕೊಂಡ ಮೇಲೆ ಅವಳು ಬಾಯ್ತುಂಬ ನಕ್ಕಿದ್ದು ಆ ದೋಣಿಯಲ್ಲಿ ಮಾತ್ರ. ಎರಡು ಭಾನುವಾರ ಮನೆಯಲ್ಲಿ ಮಂಕಾಗಿ ಕೂತಳು.

ನಮ್ಮ ಯಜಮಾನರು ಬ್ಯಾಗು ಹೊಲಿಯುವವರು. ಲೈಫ್ ಜಾಕೆಟ್ ಇದೆ, ಈಜು ಬರುತ್ತದೆ, ದೋಣಿಗೆ ಬಾಲ ಬೇರೆ ಯಾಕೆ ಎಂದು ಮೂಗು ಮುರಿದರು. ತಂಗಿಯ ಮುಖ ನೋಡಿ ಕೊನೆಗೆ ಮಿಷನ್ ಮುಂದೆ ಕೂತರು. ನರ್ಸಮ್ಮ ಹೇಳಿದಂತೆ ನೀರಲ್ಲಿ ತೇಲುವ ಬಣ್ಣದ ಹಗ್ಗ, ಎರಡು ದೋಣಿ ಉದ್ದದ್ದು. ಒಂದು ತುದಿಗೆ ಕೊಕ್ಕೆ, ಪಕ್ಕದಲ್ಲಿ ಅದು ಮುಳುಗದಂತೆ ಫೋಮ್ ತುಂಡು. ಇನ್ನೊಂದು ತುದಿಗೆ ಬಳೆ. ಆ ಬಳೆಯೊಳಗೆ ಎಳೆಯುವವರ ಸೊಂಟದ ಬೆಲ್ಟು ಹಾಯುತ್ತದೆ. ಮುಂದೆ ಬಕಲು, ಬಕಲಿಗೆ ಮರದ ಗುಂಡು. ಗುಂಡು ಎಳೆದರೆ ಬೆಲ್ಟು ಜಾರಿ ಬಿಚ್ಚಬೇಕು.

ಹೊಲಿಗೆಯಲ್ಲಿ ನಮ್ಮವರದು ಎತ್ತಿದ ಕೈ. ಆದರೆ ಅವರ ಕಸುಬಿನಲ್ಲಿ ಬಿಡಿ ತುದಿ ಎಂದರೆ ಅವಮಾನ. ಬೆಲ್ಟಿನ ತುದಿಯನ್ನು ಮಡಚಿ, ಎರಡು ಸಾಲು ಹೊಲಿದು, ಜಂಭದಿಂದ ತಂದರು.

ನರ್ಸಮ್ಮ ಅವರಿಗೇ ಅದನ್ನು ಜಾಕೆಟ್ಟಿನ ಮೇಲೆ ಕಟ್ಟಿ, ಸೊಂಟಮಟ್ಟದ ನೀರಿನಲ್ಲಿ ದೋಣಿ ಹತ್ತಿಸಿದರು. ಹಗ್ಗ ಹಿಡಿದು ಪಕ್ಕಕ್ಕೆ ಎಳೆದು, ಈಗ ಗುಂಡು ಎಳೀರಿ ಎಂದರು. ಬೆಲ್ಟು ಜಾರಿತು, ಮಡಚಿದ ತುದಿ ಬಕಲಿನಲ್ಲಿ ಸಿಕ್ಕಿಕೊಂಡಿತು. ದೋಣಿ ಮಗುಚಿತು. ಯಜಮಾನರು ಕೆಮ್ಮುತ್ತಾ ಎದ್ದು ನಿಂತರು, ಬೆಲ್ಟು ಇನ್ನೂ ಸೊಂಟದಲ್ಲೇ ಇತ್ತು. ಅವರ ಮುಖ ಬಿಳಿಚಿತ್ತು, ನನಗೂ ನಗು ಬರಲಿಲ್ಲ.

"ಇವತ್ತಿನವರೆಗೂ ನನ್ನ ಹೊಲಿಗೆ ಬಿಚ್ಚಿಲ್ಲ," ಎಂದರು ಮೆಲ್ಲಗೆ.

"ಬ್ಯಾಗಿಗೆ ಅದೇ ಸರಿ ಅಣ್ಣಾ," ಎಂದರು ನರ್ಸಮ್ಮ. "ಇದು ಬಿಚ್ಕೊಳ್ಳೋಕೇ ಇರೋದು. ಇಲ್ದಿದ್ರೆ ಒಬ್ರನ್ನ ಉಳಿಸೋಕೆ ಹೋಗಿ ಇಬ್ರೂ ಹೋಗ್ತೀರ."

ಯಜಮಾನರು ಅಲ್ಲೇ ದಡದಲ್ಲಿ ಕೂತು ತಮ್ಮ ಕೈಯಾರೆ ಹೊಲಿಗೆ ಬಿಚ್ಚಿದರು. ಎಳೆ ಬಿಡದಂತೆ ತುದಿಗೆ ಬೆಂಕಿ ತಾಗಿಸಿ ಚಪ್ಪಟೆ ಮಾಡಿದರು. ಆಮೇಲೆ ಹತ್ತು ಸಲ ಕಟ್ಟಿ, ಹತ್ತು ಸಲ ಬಿಚ್ಚಿದರು.

ಮುಂದಿನ ಭಾನುವಾರ ನಾದಿನಿ ಬಂದಳು. ನಡುಕೆರೆಯಲ್ಲಿ ಗಾಳಿ ಎದ್ದಿತು, ಅವಳ ಭುಜ ಮತ್ತೆ ಕೈಕೊಟ್ಟಿತು. ಯಜಮಾನರು ಅವಳ ದೋಣಿಯ ಮೂತಿಗೆ ಕೊಕ್ಕೆ ಹಾಕಿ ಎಳೆಯತೊಡಗಿದರು. ಅವಳ ದೋಣಿ ಓಲಾಡದಂತೆ ನಾನು ಪಕ್ಕದಿಂದ ಹಿಡಿದುಕೊಂಡೆ. ಅರ್ಧ ದಾರಿಯಲ್ಲಿ ಹಗ್ಗ ಮುಳುಗಿದ ಗೂಟಕ್ಕೆ ಸಿಕ್ಕಿತು. ಗಾಳಿ ಅವರ ದೋಣಿಯನ್ನು ಅಡ್ಡ ತಿರುಗಿಸಿ ವಾಲಿಸಿತು.

ಅವರು ಗುಂಡು ಎಳೆದರು. ಬೆಲ್ಟು ಸರ್ರನೆ ಜಾರಿ ನೀರಿಗೆ ಬಿತ್ತು, ದೋಣಿ ನೆಟ್ಟಗಾಯಿತು. ನರ್ಸಮ್ಮ ಹಗ್ಗ ಬಿಡಿಸಿ ಬೆಲ್ಟು ತಂದುಕೊಟ್ಟರು. ಅವರು ಮತ್ತೆ ಕಟ್ಟಿಕೊಂಡು ತಂಗಿಯನ್ನು ದಡಕ್ಕೆ ತಂದರು.

ನಾದಿನಿ ಇಳಿದವಳೇ ಕೇಳಿದಳು, "ಬರೋ ಭಾನುವಾರ ಎಷ್ಟು ಗಂಟೆಗೆ ಹೊರಡೋದು?" ಯಜಮಾನರು ಕಣ್ಣು ಒರೆಸಿಕೊಂಡರು.

ದೋಣಿ ಹತ್ತುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಗುಂಪಿನಲ್ಲೂ ಇಂಥ ಒಂದು ಬೆಲ್ಟು ಇರಲಿ. ನೀವೇ ಹೊಲಿಯಿರಿ, ಬಲ್ಲವರಿಗೆ ತೋರಿಸಿ. ಹಗ್ಗವನ್ನು ಸೊಂಟಕ್ಕೆ ಗಂಟು ಹಾಕಿಕೊಳ್ಳಲೇಬೇಡಿ. ಹಗ್ಗ ಕೊಯ್ಯಲು ಜಾಕೆಟ್ಟಿನಲ್ಲಿ ಒಂದು ಚಾಕು ಇರಲಿ. ರಭಸದ ಹೊಳೆಗೆ ಇದನ್ನು ಒಯ್ಯಬೇಡಿ. ಪ್ರತಿ ಸಲ ಹೊರಡುವ ಮುಂಚೆ, ಆಳವಿಲ್ಲದ ನೀರಿನಲ್ಲಿ ನಿಂತು ಗುಂಡು ಎಳೆದು ನೋಡಿ. ಬಿಚ್ಚಿತೇ? ಹಾಗಾದರೆ ಹೊರಡಿ, ಹೋದವರೆಲ್ಲ ಮನೆಗೆ ಬನ್ನಿ.