ಆತು ಅಂದದ್ದು

‘ಪಾಪ ನಿವೇದನೆಯ ಹೊತ್ತಿಗೆ ನನ್ನ ತುಟಿ ಅಷ್ಟೇ ಆಡುತ್ತದೆ, ದನಿ ಹೊರಡುವುದಿಲ್ಲ. ಅದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ, ಯಾರನ್ನು ಕೇಳಲಿ?’ ಎಂದು ಸ್ನೇಹಲ್ ಡೈರಿಯಲ್ಲಿ ಬರೆದು, ಬರೆದದ್ದನ್ನು ಎಡಗೈಯಿಂದ ಮುಚ್ಚಿಕೊಂಡಳು. ಕೋಣೆಯಲ್ಲಿ ಅವಳ ಹೊರತು ಯಾರೂ ಇರಲಿಲ್ಲ.

ಚರ್ಚಿನಲ್ಲಿ ಇಡೀ ಸಭೆ ಒಕ್ಕೊರಲಿನಿಂದ ತಪ್ಪೊಪ್ಪಿಕೊಳ್ಳುವಾಗ ಒಂದು ದನಿ ಕಡಿಮೆಯಾದರೆ ಯಾರಿಗೂ ತಿಳಿಯುವುದಿಲ್ಲ. ಎಂ.ಎ. ಮುಗಿಯುವ ತನಕ ಅವಳು ಹಾಗೆಯೇ ದಾಟಿಕೊಂಡು ಬಂದಿದ್ದಳು. ಈ ಸಲ ಒಪ್ಪಿಕೊಳ್ಳಬೇಕಾದದ್ದು ಮಾತ್ರ ಅವಳೊಬ್ಬಳದೇ ಆಗಿತ್ತು. ಅದೂ ಒಂದೇ ಶಬ್ದದಿಂದ ಹುಟ್ಟಿದ್ದು.

ಮೂರು ವಾರದ ಹಿಂದೆ ಉಪನ್ಯಾಸಕರ ಅರ್ಹತಾ ಪರೀಕ್ಷೆಯ ಫಲಿತಾಂಶ ಬಂದಿತ್ತು. ಪಟ್ಟಿಯಲ್ಲಿ ಅವಳ ನಂಬರು ಇರಲಿಲ್ಲ. ಲೈಬ್ರರಿಯಿಂದ ಸಪ್ತಾಪುರದ ಮನೆತನಕ ನಡೆದೇ ಬಂದವಳನ್ನು ಬಾಗಿಲಲ್ಲೇ ತಡೆದವಳು ಅಜ್ಜಿ ಸುವಾರ್ತವ್ವ. ಚಿಕ್ಕಂದಿನಿಂದ ಸಾಕಿದ ಈ ಅಜ್ಜಿಯನ್ನು ಸ್ನೇಹಲ್ ಕರೆಯುವುದು ಆಯಿ ಎಂದು. ಆಯಿಗೆ ಕಿವಿ ಮಂದ.

“ಏನಾತ ಮಗಳ, ರಿಸಲ್ಟು?”

“ಆತು, ಆಯಿ. ಮುಗೀತು.”

‘ಮುಗೀತು’ ಆಯಿಯ ಕಿವಿಗೆ ಬೀಳಲಿಲ್ಲ. ‘ಆತು’ ಅಷ್ಟೇ ಬಿತ್ತು. ಧಾರವಾಡದ ಮಾತಿನಲ್ಲಿ ಕೆಲಸ ಕೈಗೂಡಿದರೂ ‘ಆತು’, ಕೈಬಿಟ್ಟರೂ ‘ಆತು’. ಮೊಣಕಾಲು ನೋವೆಂದು ವರ್ಷದಿಂದ ಕುರ್ಚಿಯಲ್ಲೇ ಕೂತು ಪ್ರಾರ್ಥಿಸುತ್ತಿದ್ದ ಮುದುಕಿ ಹೊಸ್ತಿಲ ಬಳಿಯೇ ಮೊಣಕಾಲೂರಿ ದೇವರಿಗೆ ಕೈಮುಗಿದಳು. ಹಾಗೆ ಕೂತವಳಿಗೆ “ಹಂಗಲ್ಲ ಆಯಿ” ಅನ್ನುವುದು ಹೇಗೆ? ಸ್ನೇಹಲ್ ಅವಳ ರಟ್ಟೆ ಹಿಡಿದು ಎಬ್ಬಿಸಿದಳು, ನೀರು ಕೊಟ್ಟಳು, ಸುಮ್ಮನಾದಳು.

ಮುಂದಿನ ರವಿವಾರ ಚರ್ಚಿನಲ್ಲಿ ಸಭಾಪಾಲಕ ಕರುಣಾಕರರು, ದೇವರಿಗೆ ಕೃತಜ್ಞತೆ ಹೇಳಿ ಜನ ಬರೆದುಕೊಟ್ಟ ಸ್ತೋತ್ರದ ಚೀಟಿಗಳನ್ನು ಓದುತ್ತ, ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಬರೆದದ್ದೊಂದನ್ನು ಎತ್ತಿದರು: “ನನ್ನ ಮೊಮ್ಮಗಳು ಪಾಸಾಗಿದ್ದಕ್ಕೆ ದೇವರಿಗೆ ಸ್ತೋತ್ರ. ಸುವಾರ್ತವ್ವ.” ಜನ ತಿರುಗಿ ನೋಡಿ ನಕ್ಕರು. ಸ್ನೇಹಲ್ ಕೂಡ ನಕ್ಕಳು. ಆ ನಗೆ ನೆನೆದರೆ ಈಗಲೂ ಅವಳ ಕಿವಿ ಬಿಸಿಯಾಗುತ್ತದೆ.

ಹೊರಗೆ ಬರುವಾಗ ಕರುಣಾಕರರು, “ಯುವಜನರ ರವಿವಾರ ಈ ಸಲ ನೀನ ಸಾಕ್ಷಿ ಹೇಳವಾ. ಈಗಿನ ಕಾಲದಾಗ ಯಾರನ್ನ ನೋಡಿ ನಿನ್ನ ನಂಬಿಕಿ ಗಟ್ಟಿ ಆಗ್ಯದ, ಅವರ ಬಗ್ಗೆ. ಐದ ನಿಮಿಷ,” ಎಂದರು.

ಯಾರ ಬಗ್ಗೆ ಎಂದು ಅವಳು ಹುಡುಕಬೇಕಾಗಿರಲಿಲ್ಲ. ತಾರಿಹಾಳದ ವರ್ಕ್‌ಶಾಪೊಂದರಲ್ಲಿ ಲೇತ್ ಮೇಲೆ ದುಡಿಯುವವನ ಮಗಳು ಮೀರಾಬಿ ಈಗ ನಾಡಿಗೆಲ್ಲ ಗೊತ್ತಿರುವ ಹಾಕಿ ಆಟಗಾರ್ತಿ. ಹಿಂದಿನ ತಿಂಗಳು ಫೈನಲ್ಲಿನಲ್ಲಿ, ಎರಡೂ ಕಡೆ ಸಮಸಮ ಇದ್ದಾಗ, ಆಟ ಮುಗಿಯಲು ಎರಡೇ ನಿಮಿಷವಿರುವಂತೆ ಅವಳು ಚೆಂಡನ್ನು ಗೋಲಿಗೆ ಹಾಕಿದಳು. ಅಂಪೈರ್ ಗೋಲು ಕೊಟ್ಟರು. ಗೆಳತಿಯರು ಅವಳ ಮೈಮೇಲೆ ಬಿದ್ದು ಕುಣಿದರು. ಮೀರಾಬಿ ಅವರಿಂದ ಬಿಡಿಸಿಕೊಂಡು ಬಂದು, ಅಂಪೈರ್ ಎದುರು ನಿಂತು, ಸ್ಟಿಕ್ಕಿನ ತುದಿಯಿಂದ ತನ್ನ ಬೂಟನ್ನು ತೋರಿಸಿದಳು. ಚೆಂಡು ಕಾಲಿಗೆ ಬಡಿದು ಮುಂದೆ ಹೋಗಿತ್ತು; ಹಾಕಿಯಲ್ಲಿ ಅದು ತಪ್ಪು. ಗೋಲು ರದ್ದಾಯಿತು. ಕಡೆಗೆ ಪಂದ್ಯವೂ ಹೋಯಿತು.

“ಯಾರೂ ನೋಡಿದ್ದಿಲ್ಲಲ್ಲ?” ಎಂದು ಟೀವಿಯವರು ಮೈಕು ಹಿಡಿದಾಗ ಮೀರಾಬಿ ತೋಳಿನಿಂದ ಬೆವರು ಒರೆಸಿಕೊಂಡಳು. “ಬಡದಿದ್ದು ನನ್ನ ಕಾಲಿಗೆ ಅಲ್ರೀ? ನನಗ ಗೊತ್ತಾಗಿತ್ತು. ಹೇಳಿ ಬಂದೆ.”

ಆ ವಿಡಿಯೊವನ್ನು ಸ್ನೇಹಲ್ ಎಷ್ಟು ಸಲ ನೋಡಿದ್ದಳೋ. ‘ಹೇಳಿ ಬಂದೆ’ ಎಂದದ್ದು, ಸಂತೆಗೆ ಹೋಗಿ ಕೊತ್ತಂಬರಿ ತಂದೆ ಅಂದಷ್ಟು ಸಲೀಸಾಗಿತ್ತು. ದೇವರ ಮುಂದೆ ಸತ್ಯವಾಗಿ ನಡೆಯುವುದೆಂದರೆ ಏನೆಂದು ಬಾಲ್ಯದಿಂದ ಕೇಳಿದ್ದಳು. ನಡೆದವರನ್ನು ಹಸಿರು ಮೈದಾನದ ಮೇಲೆ ಹೀಗೆ ಕಣ್ಣಾರೆ ನೋಡಿರಲಿಲ್ಲ. ‘ದೇವರೇ, ನನಗೆ ಪಾಸು ಬೇಡ, ಮೀರಾಬಿಯ ನಾಲಿಗೆ ಕೊಡು’ ಎಂದು ಡೈರಿಯಲ್ಲಿ ಬರೆದಳು. ಸ್ವಲ್ಪ ಹೊತ್ತು ಬಿಟ್ಟು ಕೆಳಗೆ ಸೇರಿಸಿದಳು: ‘ಪಾಸೂ ಬೇಕು.’

ಶನಿವಾರ ಸಂಜೆ ಹಾಡಿನ ಅಭ್ಯಾಸದಲ್ಲಿ, ಹಾರ್ಮೋನಿಯಂ ನುಡಿಸುವ ಪ್ರಭುದಾಸ ಕಾಕಾ ವಿಷಯ ಕೇಳಿ ಹುಬ್ಬೇರಿಸಿದರು. “ಹಾಕಿ ಹುಡುಗಿ ಬಗ್ಗೆ? ಅಲ್ಲವಾ, ನಮ್ಮ ಪೈಕಿ ಯಾರೂ ಸಿಗಲಿಲ್ಲೇನು ನಿನಗ? ಸಾಕ್ಷಿ ಹೇಳಂದ್ರ ಸ್ಕೋರ್ ಹೇಳಾಕಿ ಏನು?”

ಅಲ್ಲೇ ಇದ್ದ ಕರುಣಾಕರರು ನಡುವೆ ಬಾಯಿ ಹಾಕಿದರು. “ಕಾಕಾ, ಬೈಬಲ್‌ನ್ಯಾಗ ಕರ್ತ ಹೇಳಿದ ಕಥಿಯೊಳಗ ದಾರ್ಯಾಗ ಬಿದ್ದಾಂವನ್ನ ಎತ್ತಿಕೊಂಡು ಹೋದಾಂವ ಆ ಬಿದ್ದಾಂವನ ಪೈಕಿ ಇದ್ನೇನ್ರಿ?”

“ಇದ್ದಿಲ್ಲ ಬಿಡ್ರಿ,” ಎಂದು ಕಾಕಾ ಸೋತರು. “ಆದ್ರ ನೋಡವಾ, ಐದು ನಿಮಿಷ ದಾಟಿತಂದ್ರ ನಾ ಪೆಟಗಿ ಬಾರಸಾಕ ಸುರು ಮಾಡ್ತೇನಿ.”

ರವಿವಾರ ಸ್ನೇಹಲ್ ಹಾಳೆ ಹಿಡಿದು ವೇದಿಕೆಯ ಮೇಜಿನ ಮುಂದೆ ನಿಂತಳು. ಓದತೊಡಗಿದಳು. ದನಿ ಸಣ್ಣದಿದ್ದರೂ ಮೀರಾಬಿಯ ಬೂಟಿನ ಹತ್ತಿರ ಬರುವ ಹೊತ್ತಿಗೆ ಸಭೆಯಲ್ಲಿ ಕೆಮ್ಮು ನಿಂತಿತ್ತು. ಕಾಕಾ ಹಾರ್ಮೋನಿಯಂ ಮೇಲಿನ ಬೆರಳು ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದರು. “ಅಂಪೈರ್ ನೋಡಲಿಲ್ಲ, ಕ್ಯಾಮೆರಾ ಹಿಡಿಯಲಿಲ್ಲ. ಆದರೂ ಹೇಳಿ ಬಂದಳು. ಇಂಥವಳನ್ನು ನಮ್ಮ ನಡುವೆ ಇಟ್ಟ ದೇವರಿಗೆ ಸ್ತೋತ್ರ,” ಎಂದು ಮುಗಿಸಿದಳು. ಜನ ಆಮೆನ್ ಅಂದರು.

ಅಲ್ಲಿಗೆ ಹಾಳೆ ಮುಗಿದಿತ್ತು. ಇಳಿದು ಬಂದುಬಿಡಬಹುದಿತ್ತು.

ಮೊದಲ ಬೆಂಚಿನಲ್ಲಿ ಆಯಿ ಪಕ್ಕದವಳನ್ನು ಕೇಳಿದಳು. ಕಿವಿ ಮಂದ ಇದ್ದವರ ಪಿಸುಮಾತು ಇಡೀ ಚರ್ಚಿಗೆ ಕೇಳುವಂಥದ್ದು. “ಏನ ಅಂದ್ಲವಾ ನಮ್ಮ ಹುಡುಗಿ? ಪಾಸಾಗಿದ್ದು ಹೇಳಿದ್ಲೇನು?”

ಎಲ್ಲರೂ ಪ್ರೀತಿಯಿಂದ ನಕ್ಕರು. ಈ ಸಲ ಸ್ನೇಹಲ್ ನಗಲಿಲ್ಲ. ಕಾಲು ಇಳಿಯಲು ಒಪ್ಪಲಿಲ್ಲ. ಹಾಳೆಯನ್ನು ಮಡಚಿ ಮೇಜಿನ ಮೇಲಿಟ್ಟಳು.

“ಆಯಿ,” ಎಂದಳು, ತನಗೇ ಕೇಳುವಷ್ಟು.

ಆಯಿ ಅಂಗೈಯನ್ನು ಕಿವಿಯ ಹಿಂದೆ ಹಿಡಿದು ಮುಂದೆ ಬಾಗಿದಳು. “ಜೋರ ಹೇಳ ಮಗಳ, ಕೇಳಸವಲ್ದು.”

“ನಾ ಪಾಸ್ ಆಗಿಲ್ಲ, ಆಯಿ!”